ಅಪ್ಪಣೆ ಬಂದ ಮನೆ

12 ಜೂನ್ 2025, ಗುರುವಾರ

ಬೆಳಿಗ್ಗೆ ಉಪ್ಪಿಟ್ಟಿನಲ್ಲಿ ಉಪ್ಪೇ ಇರಲಿಲ್ಲ. ವೈನಿ ಮರೆತಿರಬೇಕು ಎಂದುಕೊಂಡು ಡಬ್ಬಿ ತರಲು ಎದ್ದೆ. ಅಣ್ಣ ತಾಟಿನಿಂದ ತಲೆ ಎತ್ತದೆಯೇ, “ಕಸ್ತೂರಿ, ಕುಂದ್ರು. ಇನ್ನ ಮ್ಯಾಲೆ ಈ ಮನ್ಯಾಗ ಉಪ್ಪು ಬ್ಯಾಡ,” ಅಂದ.

“ಯಾಕ, ಬಿ.ಪಿ. ಬಂತೇನು?”

“ಅಪ್ಪಣಿ ಆಗೈತಿ.”

ಯಾರ ಅಪ್ಪಣೆ ಎಂದರೆ ಪೂಜಾಕೋಣೆಯ ಕಡೆ ಕಣ್ಣು ಹೊರಳಿಸಿದ. ಲಿಂಗಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗ ಬಿಸಿಯಾಗುತ್ತದಂತೆ. ಆಮೇಲೆ ಎಡಗಿವಿಯಲ್ಲಿ ಮಾತು ಕೇಳಿಸುತ್ತದಂತೆ. ಹದಿನೈದು ದಿನದಿಂದ ಹೀಗಂತೆ.

ನನಗೆ ನಗು ತಡೆಯಲಾಗಲಿಲ್ಲ. ಮೂವತ್ತೈದು ವರ್ಷ ಹತ್ತಿ ದಲಾಲಿಯ ಅಡತಿ ಅಂಗಡಿಯ ತಕ್ಕಡಿ ಮುಂದೆ ಕೂತ ನೀಲಕಂಠಪ್ಪ, ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅಂಥವನ ಕಿವಿಯಲ್ಲಿ ಬಂದು ಮಾತಾಡುವವರು ಯಾರು? ಅವನ ಹೆಂಡತಿ ಸಂಗವ್ವ ವೈನಿಯೂ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದರು. ಅಣ್ಣ ಮಾತ್ರ ಉಪ್ಪಿಲ್ಲದ ಉಪ್ಪಿಟ್ಟನ್ನು ಪೂರ್ತಿ ತಿಂದು ಎದ್ದ.

ಅರವತ್ತೊಂದಾಯಿತು ಅವನಿಗೆ. ಅರಳು ಮರಳು ಶುರುವಾಯಿತೋ ಏನೋ.

14 ಜೂನ್, ಶನಿವಾರ

ಉಪ್ಪಿನ ಪೊಟ್ಟಣವೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಪಲ್ಯಕ್ಕೆ ಉದುರಿಸಿಕೊಳ್ಳುವುದನ್ನು ಮೈಮುನಾ ನೋಡಿದಳು. ಧಾರವಾಡದ ಹತ್ತಿರದ ಬೇಲೂರಿನ ಈ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ತಪಾಸಣೆ ಟೇಬಲ್ಲಿನವರು. ಪಂಪಿನ ಶಾಫ್ಟು ಅಳೆಯುತ್ತ ಒಂಬತ್ತು ವರ್ಷ ಎದುರುಬದುರು ಕೂತಿದ್ದೇವೆ. ಅವಳಿಗೆ ಹೇಳದೆ ಇರಲಾಗಲಿಲ್ಲ. ಇಬ್ಬರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿ, “ಕಿವ್ಯಾಗ ಮಾತು ಕೇಳಸ್ತಾವ ಅಂತಾರೇನ್ರಿ ಅಕ್ಕಾ?” ಎಂದು ಕೇಳಿದಳು. ಹೌದು ಎಂದೆ. ಅವಳು ಅರ್ಧ ಉಂಡ ಡಬ್ಬಿಗೆ ಮುಚ್ಚಳ ಹಾಕಿದಳು.

29 ಜೂನ್, ಭಾನುವಾರ

ಅಣ್ಣ ಕನ್ನಡಿಗಳಿಗೆಲ್ಲ ಹಳೆಯ ಸೀರೆ ಹೊದಿಸಿದ್ದಾನೆ. ನನ್ನ ಕೋಣೆಯದಕ್ಕೂ, ನಾನು ಮೀಯಲು ಹೋದಾಗ. ಅಂಗಡಿಗೆ ಹೋಗುವುದನ್ನು ಬಿಟ್ಟು ವಾರವಾಯಿತು. ತಕ್ಕಡಿ ಮುಟ್ಟಬಾರದು ಎಂದು ಅಪ್ಪಣೆಯಾಗಿದೆ. ಗುಮಾಸ್ತರು ಎರಡು ಸಲ ಬಂದು ಬಾಗಿಲಲ್ಲೇ ನಿಂತು ಹೋದರು.

ಇವತ್ತು ಜಗಳ ತೆಗೆದೆ. ಸೀರೆ ಕಿತ್ತು ಎಸೆದೆ. “ಈ ಹುಚ್ಚಾಟ ಸಾಕು. ಓಣ್ಯಾಗಿನ ಮಂದಿ ಕೇಳಾಕತ್ತಾರ. ನಿನಗ ಮಣಕಾಲ ಬ್ಯಾನಿ ಅಂತ ಎಷ್ಟ ಮಂದಿಗೆ ಸುಳ್ಳ ಹೇಳ್ಲಿ ನಾ?” ಅಂದೆ. ಅಣ್ಣ ಸೀರೆ ಎತ್ತಿ ಮಡಚಿ ಮತ್ತೆ ಹೊದಿಸಿದ.

ಹಿತ್ತಲಲ್ಲಿ ವೈನಿಯನ್ನು ಹಿಡಿದೆ. “ನೀವರೆ ಒಂದ ಮಾತ ಹೇಳಬಾರದೇನ್ರಿ ವೈನಿ?”

ಅವರು ಅರಿವೆ ಹಿಂಡುತ್ತ ನಿಂತಿದ್ದರು. “ಮದಿವ್ಯಾಗಿ ಮೂವತ್ತಾರ ವರ್ಷ ಆತು ಕಸ್ತೂರಿ. ಏ, ಇಕಾ, ಅನ್ನೂದ ಬಿಟ್ಟ ನನ್ನ ಹೆಸರ ಹಿಡದ ಕರದಿದ್ದಿಲ್ಲ. ಈಗ ‘ಸಂಗವ್ವಾ, ಬಾ, ನನ್ನ ಬಾಜೂಕ ಕುಂದ್ರು’ ಅಂತಾರ. ಹೆಂಗ ಬ್ಯಾಡ ಅನ್ಲಿ?”

ಇಂಥ ಮಾತಿಗೆ ಕರಗುವ ಹೆಂಗಸರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಣ್ಣನ ಮಗಳು ಭಾಗ್ಯಶ್ರೀಗೆ ಫೋನ್ ಮಾಡಿ ಅಪ್ಪನ ಅವಸ್ಥೆ ಹೇಳಬೇಕು ಎಂದುಕೊಂಡೆ. ಆದರೆ ಕಲಬುರಗಿಯಲ್ಲಿ ಅತ್ತೆ ಮನೆಯವರ ನಡುವೆ ಕೂತು ಅವಳಾದರೂ ಏನು ಮಾಡಿಯಾಳು?

6 ಜುಲೈ, ಭಾನುವಾರ

ಇವತ್ತಿನದನ್ನು ಬರೆಯದೆ ಇರಲಾರೆ.

ಸಂಜೆ ಅಣ್ಣ ಕರೆದ. ಇನ್ನೊಂದು ಜಗಳಕ್ಕೆ ತಯಾರಾಗಿಯೇ ಹೋದೆ. ಪಡಸಾಲೆಯಲ್ಲಿ ಎದುರಿಗೆ ಕೂಡಿಸಿಕೊಂಡ. ಆಮೇಲೆ, “ಆವತ್ತ ನೀ ಪತ್ರ ಬರದಾಗ ನಾ ಬಂದು ನಿನ್ನ ಕರಕೊಂಡ ಬರಬೇಕಿತ್ತು,” ಅಂದ.

ಯಾವ ಪತ್ರ ಎಂದು ಕೇಳುವ ಅಗತ್ಯ ಇರಲಿಲ್ಲ. ಗಂಡನ ಮನೆಯಿಂದ ಮೂರು ಪತ್ರ ಬರೆದಿದ್ದೆ. ಉತ್ತರ ಬರಲಿಲ್ಲ. ಕೊನೆಗೆ ನಾನೇ ಒಂದು ಚೀಲ ಹಿಡಿದು ಬಸ್ಸು ಹತ್ತಿ ಬಂದೆ. ಬಾಗಿಲು ತೆರೆದ ಅಣ್ಣ, “ಊಟ ಆಗೈತೇನು?” ಎಂದಷ್ಟೇ ಕೇಳಿದ್ದ. ಹದಿನಾಲ್ಕು ವರ್ಷ ಆ ಸಂಗತಿಯನ್ನು ಈ ಮನೆಯಲ್ಲಿ ಯಾರೂ ಎತ್ತಿಲ್ಲ.

“ಮಂದಿ ಏನ ಅಂತಾರೋ ಅಂತ ಹೆದರಿದೆ. ತಪ್ಪಾತು ಕಸ್ತೂರಿ. ತಪ್ಪ ಒಪ್ಕೋ ಅಂತ ಅಪ್ಪಣಿ ಆತು.”

ನಾನು ಅತ್ತೆ. ಅಣ್ಣನೂ ಅತ್ತ. ಆಮೇಲೆ ಅವ್ವನ ಮಾತು, ಅಪ್ಪನ ಸಿಟ್ಟು, ನಾವು ಸಣ್ಣವರಿದ್ದಾಗ ಹತ್ತಿ ಅಂಡಿಗೆಗಳ ಮೇಲೆ ಹಾರಿ ಬೈಸಿಕೊಂಡದ್ದು. ಮೂರು ತಾಸು ಕೂತಿದ್ದೆವು. ವೈನಿ ಎರಡು ಸಲ ಚಹಾ ತಂದುಕೊಟ್ಟರು.

ಅಪ್ಪಣೆಯೋ ಮತ್ತೊಂದೋ, ಆ ಮಾತನ್ನು ಆಡಿದ್ದು ಅಣ್ಣನೇ ಅಲ್ಲವೆ?

15 ಜುಲೈ, ಮಂಗಳವಾರ

ಇವತ್ತು ರಜೆ ಹಾಕಿದೆ. ಮಂಗಳವಾರ ಕಬ್ಬಿಣ ಮುಟ್ಟುವುದು ನನಗೆ ಒಳ್ಳೆಯದಲ್ಲ ಎಂದು ಅಣ್ಣ ಹೇಳಿದರು. ಹೇಗೂ ರಜೆಗಳು ಉಳಿದು ಹಾಳಾಗುತ್ತವೆ. ವಾರಕ್ಕೊಂದು ದಿನ ಮನೆಯಲ್ಲಿದ್ದರೆ ವೈನಿಗೂ ಸಹಾಯ.

ದಿನಾ ಸಂಜೆ ಅಣ್ಣ ಕರೆಯುತ್ತಾರೆ. ಬಸ್ಸಿಳಿದು ಮುಖ ತೊಳೆದು ನೇರ ಪಡಸಾಲೆಗೆ ಹೋಗುತ್ತೇನೆ. ಅಂದಿನ ಅಪ್ಪಣೆ ಏನು ಎಂದು ಹೇಳುತ್ತಾರೆ, ಬಿಡಿಸಿ ತಿಳಿಸುತ್ತಾರೆ.

ಉಪ್ಪಿನ ಪೊಟ್ಟಣ ಮೈಮುನಾಗೆ ಕೊಟ್ಟುಬಿಟ್ಟೆ. ಉಪ್ಪಿಲ್ಲದೆ ಉಂಡರೆ ಹೊಟ್ಟೆ ಹಗುರ ಇರುತ್ತದೆ. ಮನೆಯಲ್ಲಿ ಶಾಂತಿ ಇರಲಿ ಎಂದು ಇಷ್ಟು ಮಾಡಿದರೆ ನಷ್ಟವೇನಿಲ್ಲ.

28 ಜುಲೈ, ಸೋಮವಾರ

ಮೊದಲ ಶ್ರಾವಣ ಸೋಮವಾರ. ಅಣ್ಣ ಬೆಳಿಗ್ಗೆ ನಾಲ್ಕಕ್ಕೆ ಪೂಜೆಗೆ ಕೂತವರು ಹನ್ನೊಂದಕ್ಕೆ ಎದ್ದರಂತೆ. ಶ್ರಾವಣದಲ್ಲಿ ಎಲ್ಲರ ಮನೆಯಲ್ಲೂ ಪೂಜೆ ಹೆಚ್ಚೇ. ಹಾಗಾಗಿ ಓಣಿಯವರೂ ಈಗ ಏನೂ ಕೇಳುವುದಿಲ್ಲ.

ಮಧ್ಯಾಹ್ನ ಮೈಮುನಾ ಡಬ್ಬಿ ಬಿಚ್ಚದೆ ಕೂತಳು. “ಅಕ್ಕಾ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಅಸ್ಫಾಕ ಭಾಯಿ ಅದಾನಲ್ಲಾ, ಪಂಕ್ಚರ್ ಅಂಗಡಿ ಇಟ್ಟಾಂವ? ಅವಂಗ ಇಪ್ಪತ್ತಾರನೇ ವಯಸ್ಸಿನ್ಯಾಗ ಹಿಂಗ ಆಗಿತ್ತು. ಫರಿಸ್ತೆ, ಅಂದ್ರ ದೇವದೂತರು, ಬಂದು ಮಾತಾಡತಾರ ಅಂತಿದ್ದ. ನಮ್ಮ ಅಮ್ಮಾ ಮೂರ ವರ್ಷ ದರ್ಗಾದಿಂದ ದರ್ಗಾಕ್ಕ ಕರಕೊಂಡ ತಿರಗಿದ್ಲು. ಕಡೀಕ ಧಾರವಾಡದ ದವಾಖಾನಿಗೆ ಹೋದ್ವಿ. ಈಗ ಗುಳಿಗಿ ಮ್ಯಾಲೆ ಅದಾನ, ಆರಾಮ ಅದಾನ. ಐದೂ ಹೊತ್ತಿನ ನಮಾಜ್ ಬಿಟ್ಟಿಲ್ಲ. ಫರಿಸ್ತೆ ಬರೂದಿಲ್ಲ, ಅಷ್ಟ.”

“ನಮ್ಮ ಅಣ್ಣಾರದು ಹಂಗಲ್ಲ,” ಎಂದೆ.

“ನೀವೂ ನಂಬತೀರೇನ್ರಿ ಅಕ್ಕಾ?”

“ನಾ ಯಾಕ ನಂಬಲಿ? ಮನ್ಯಾಗ ಹೊಂದ್ಕೊಂಡ ಹೋಗಬೇಕಲ್ಲಾ.”

ಅವಳು ನನ್ನ ಉಪ್ಪಿಲ್ಲದ ಡಬ್ಬಿಯ ಕಡೆ ನೋಡಿದಳು. ನನಗೆ ಸಿಟ್ಟು ಬಂತು. ಮಧ್ಯಾಹ್ನವೆಲ್ಲ ಮಾತಾಡಲಿಲ್ಲ. ಕೈ ತೊಳೆಯಲು ಹೋದಾಗ ಗೋಡೆಯ ಕನ್ನಡಿಗೆ ಮುಖ ಕೊಡದೆ ತಲೆ ತಗ್ಗಿಸಿಯೇ ತೊಳೆದು ಬಂದೆ. ರೂಢಿ.

4 ಆಗಸ್ಟ್, ಸೋಮವಾರ

ವೈನಿ ತಂಬಿಗೆ ತಂಬಿಗೆ ನೀರು ಕುಡಿಯುತ್ತಾರೆ. ರವಿಕೆ ತೋಳು ಸಡಿಲವಾಗಿದೆ. ಒಳಗಿನ ಕಲ್ಮಶ ಹೋಗುತ್ತಿದೆ, ಶುದ್ಧಿಯಾಗುತ್ತಿದೆ ಎಂದು ಅಣ್ಣ ಹೇಳಿದರು.

7 ಆಗಸ್ಟ್, ಗುರುವಾರ

ಫ್ರಿಜ್ಜಿನಿಂದ ಹಾಲು ತೆಗೆಯುವಾಗ ವೈನಿಯ ಇನ್ಸುಲಿನ್ ಬಾಟಲಿ ಕಣ್ಣಿಗೆ ಬಿತ್ತು. ಒಳಗಿನ ಔಷಧ ಲೇಬಲ್ಲಿನ ಮೇಲಂಚಿಗೆ ಸರಿಯಾಗಿ ನಿಂತಿದೆ. ಸೋಮವಾರವೂ ಅಲ್ಲೇ ಇತ್ತು. ದಿನಕ್ಕೆರಡು ಸೂಜಿ ಚುಚ್ಚಿಕೊಳ್ಳುವವರು. ಮೂರು ದಿನಕ್ಕೆ ಇಷ್ಟಾದರೂ ಇಳಿಯಬೇಕಿತ್ತು.

ನಾಳೆ ಕೇಳಬೇಕು.

10 ಆಗಸ್ಟ್, ಭಾನುವಾರ

ನಿನ್ನೆ ಕೇಳಿದೆ. ಸೂಜಿ ಬಿಟ್ಟು ಹದಿನೆಂಟು ದಿನವಾಯಿತಂತೆ. ಮೈಗೆ ಲೋಹ ಚುಚ್ಚಬಾರದು ಎಂದು ಅಪ್ಪಣೆಯಾಗಿದೆಯಂತೆ. “ಅವರ ಹೇಳಿದ ಮ್ಯಾಲೆ ಏನ ಆಗೂದಿಲ್ಲ ತಗೋ,” ಎಂದು ವೈನಿ ನಕ್ಕರು. ತುಟಿ ಒಡೆದಿದ್ದವು.

ಸಂಜೆ ಧೈರ್ಯ ಮಾಡಿ, “ಡಾಕ್ಟರಿಗೆ ಒಂದ ಮಾತ ಕೇಳೂಣೇನ್ರಿ ಅಣ್ಣಾ?” ಎಂದೆ. ಅಣ್ಣ ನನ್ನನ್ನೇ ದಿಟ್ಟಿಸಿ ನೋಡಿದರು. ಎದ್ದು ಪೂಜಾಕೋಣೆಯ ಬಾಗಿಲು ಹಾಕಿಕೊಂಡರು. ಇವತ್ತು ಸಂಜೆ ನನ್ನನ್ನು ಕರೆಯಲಿಲ್ಲ.

ಏಳರವರೆಗೆ ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದೆ. ಆಮೇಲೆ ಬಾಗಿಲ ಹೊರಗೆ ನಿಂತು, ತಪ್ಪಾಯಿತು ಎಂದು ಹೇಳಿ ಬಂದೆ. ಒಳಗಿಂದ “ಹ್ಞೂಂ” ಎಂದರು. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

13 ಆಗಸ್ಟ್, ಬುಧವಾರ. ಆಸ್ಪತ್ರೆಯಲ್ಲಿ

ನಿನ್ನೆ ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ಮಂಗಳವಾರವಾದ್ದರಿಂದ ನಾನು ಮನೆಯಲ್ಲೇ ಇದ್ದೆ. ಬೆಳಿಗ್ಗೆ ವೈನಿ ಎರಡು ಸಲ ವಾಂತಿ ಮಾಡಿಕೊಂಡರು. ಚಾಪೆ ಹಾಸಿ ಮಲಗಿಸಿದೆ. ಹನ್ನೊಂದಕ್ಕೆ ಕರೆದರೆ ಓಗೊಡಲಿಲ್ಲ. ಓಡಿ ಬಂದವರ ಹಾಗೆ ಉಸಿರು ಜೋರಾಗಿ ಏರಿಳಿಯುತ್ತಿತ್ತು. ಕೆನ್ನೆ ತಟ್ಟಿದೆ, ಕಣ್ಣು ಅರ್ಧ ತೆರೆದು ಮುಚ್ಚಿದವು. ಅಣ್ಣ ಬಂದು ತಲೆಯ ಬಳಿ ನಿಂತರು. “ಮುಟ್ಟಬ್ಯಾಡ ಕಸ್ತೂರಿ. ಶುದ್ಧಿ ಪೂರಾ ಆಗಾಕತ್ತೈತಿ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಹೌದು, ತೆಗೆದುಕೊಂಡೆ. ಗೋಡೆಗೆ ಒರಗಿ ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ಫೋನ್ ಬಂತು. ಅಳತೆ ಗೇಜುಗಳ ಪೆಟ್ಟಿಗೆಯ ಕೀಲಿಕೈ ಎಲ್ಲಿದೆ ಎಂದು ಮೈಮುನಾ ಕೇಳಿದಳು. ಹೇಳಿದೆ. ಧ್ವನಿ ಯಾಕೆ ಹೀಗಿದೆ ಎಂದಳು.

“ವೈನಿಗೆ ಎಚ್ಚರ ಇಲ್ಲ. ಶುದ್ಧಿ ಆಗಾಕತ್ತೈತಿ, ಅದಕ್ಕ ಮುಟ್ಟಬಾರದಂತ.”

ಆ ಕಡೆಯ ಮಶೀನುಗಳ ಸದ್ದು ದೂರವಾಯಿತು, ಹೊರಗೆ ಬಂದಿರಬೇಕು. ಆಮೇಲೆ ಮೆಲ್ಲಗೆ, “ಅಕ್ಕಾ, ಈಗ ಏನ ಅಂದ್ರಿ? ಇನ್ನೊಮ್ಮೆ ಅನ್ರಿ,” ಎಂದಳು.

ಇನ್ನೊಮ್ಮೆ ಅನ್ನಲು ಬಾಯಿ ತೆರೆದೆ. ಆಗಲಿಲ್ಲ.

ನೂರಾಎಂಟಕ್ಕೆ ಫೋನ್ ಮಾಡಿದೆ. ಗಾಡಿ ಬಂದಾಗ ಅಣ್ಣ ತಲೆಬಾಗಿಲಿಗೆ ಅಡ್ಡ ನಿಂತ. “ಹೊಸ್ತಲಾ ದಾಟಿಸಬ್ಯಾಡ! ಕೆಟ್ಟದ್ದ ಆಕ್ಕೈತಿ! ನಿನಗ ಗೊತ್ತಿಲ್ಲ, ಭಾಳ ಕೆಟ್ಟದ್ದ ಆಕ್ಕೈತಿ!” ಎಂದು ಕೂಗಿದ. “ಬಾಜೂ ಸರಿ ಅಣ್ಣಾ!” ಎಂದು ನಾನೂ ಕೂಗಿದೆ. ಸರಿಯಲಿಲ್ಲ. ಎದೆಗೆ ಎರಡೂ ಕೈ ಕೊಟ್ಟು ತಳ್ಳಿದೆ. ಅಂಗಿಯೊಳಗೆ ಬರೀ ಎಲುಬು. ಹಾಗೇ ಗೋಡೆಗೆ ಜಾರಿ ಕುಸಿದು ಕೂತ. ದಿನಾ ಎದುರಿಗೆ ಕೂತು ಮಾತಾಡುತ್ತಿದ್ದೆ, ಇವನು ಇಷ್ಟು ಸೊರಗಿದ್ದು ನನಗೆ ಹೇಗೆ ಕಾಣಲಿಲ್ಲ?

ಇಲ್ಲಿ ರಕ್ತದ ಸಕ್ಕರೆ ನೋಡಿದರೆ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ಅಷ್ಟು ಏರಿತ್ತು. ಇನ್ನರ್ಧ ದಿನ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಸೂಜಿ ಬಿಟ್ಟದ್ದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲವೇ ಎಂದು ಕೇಳಿದರು. ನನಗೆ ತಿಳಿದಿತ್ತು ಎಂದೆ.

15 ಆಗಸ್ಟ್, ಶುಕ್ರವಾರ

ವೈನಿಗೆ ಎಚ್ಚರವಾಗಿದೆ. ಭಾಗ್ಯಶ್ರೀ ಗಂಡನ ಜೊತೆ ಬಂದಳು. “ಅತ್ತಿ, ನೀವ ಮನ್ಯಾಗ ಇದ್ದೂ ಹಿಂಗ ಆತೇನ್ರಿ?” ಎಂದಳು. ಅಷ್ಟೇ ಅಂದದ್ದು.

17 ಆಗಸ್ಟ್, ಭಾನುವಾರ

ಐ.ಸಿ.ಯು.ನಿಂದ ವಾರ್ಡಿಗೆ ತಂದಿದ್ದಾರೆ. ಬೆಳಿಗ್ಗೆ ನರ್ಸ್ ಸೂಜಿ ತಂದರೆ ವೈನಿ ತೋಳನ್ನು ಸೆರಗಿನೊಳಗೆ ಎಳೆದುಕೊಂಡರು. ಮಗಳು ಅತ್ತಳು, ಡಾಕ್ಟರು ಗದರಿದರು. “ಅವರ ಹೇಳಿದ್ರ ತಗೋತೇನಿ,” ಎಂಬುದೊಂದೇ ಮಾತು.

ಅಣ್ಣನನ್ನು ಕರೆತರಲು ಹೋದೆ. ಪೂಜಾಕೋಣೆಯಲ್ಲಿ ಅದೇ ಅಂಗಿಯಲ್ಲಿ ಕೂತಿದ್ದ. ಅಳಿಯ ಇಟ್ಟ ಊಟ ತಾಟಿನಲ್ಲೇ ಒಣಗಿತ್ತು. ಮಂಗಳವಾರದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲವಂತೆ. ಸಂಗವ್ವ ಕರೆಯುತ್ತಿದ್ದಾಳೆ ಎಂದೆ. ಅವಳು ಬದುಕಿದ್ದಾಳೆ ಎಂಬುದೇ ಅವನಿಗೆ ನಂಬಿಕೆಯಾಗಲಿಲ್ಲ. ಮೂರು ಸಲ ಕೇಳಿದ. ಆಟೋದಲ್ಲಿ ಉದ್ದಕ್ಕೂ ಎಡಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದ.

ಮಂಚದ ಬಳಿ ನಿಂತ. ವೈನಿ ಅವನನ್ನು ನೋಡಿ ತಲೆ ಮೇಲೆ ಸೆರಗು ಎಳೆದುಕೊಂಡರು.

“ತಗೊಳ್ಳೇನ್ರಿ?”

ಅವನ ಹಣೆಯ ತುಂಬ ಬೆವರು. “ಬ್ಯಾಡ ಅಂತೈತಿ,” ಅಂದ. “ಈಗೂ ಅನ್ನಾಕತ್ತೈತಿ. ಬ್ಯಾಡ, ಬ್ಯಾಡ ಅಂತ...”

ಭಾಗ್ಯಶ್ರೀ ನನ್ನ ಕೈ ಹಿಡಿದುಕೊಂಡಳು. ಅಣ್ಣ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಮಂಚದ ಸರಳು ಹಿಡಿದು ಬಗ್ಗಿದ.

“ಚುಚ್ಚರಿ,” ಅಂದ, ನರ್ಸಿಗೆ. “ಲಗೂನ ಚುಚ್ಚರಿ.”

ಸೂಜಿ ಹೋಗಿ ಬಂತು. ಅಣ್ಣ ಕಣ್ಣು ತೆರೆದು ವೈನಿಯ ಮುಖ ನೋಡಿದ. ಏನೂ ಆಗಲಿಲ್ಲ. ಬಹಳ ಹೊತ್ತು ನೋಡುತ್ತಲೇ ಇದ್ದ. ಆಮೇಲೆ ನೆಲದ ಮೇಲೆ ಕೂತು ಸಣ್ಣ ಹುಡುಗರ ಹಾಗೆ ಬಿಕ್ಕಿದ.

25 ಆಗಸ್ಟ್, ಸೋಮವಾರ

ಧಾರವಾಡದ ದವಾಖಾನೆಗೆ ಹೋಗಿ ಬಂದೆವು. ಮೈಮುನಾ ರಜೆ ಹಾಕಿ ಜೊತೆಗೆ ಬಂದಳು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಬಾಗಿಲ ಮುಂದೆ ಕೂರಬೇಕು, ಎಲ್ಲ ಅವಳಿಗೆ ಬಾಯಿಪಾಠ. ಸಾಲಿನಲ್ಲಿ ಪಕ್ಕದ ಹೆಂಗಸು, “ಯಾರಿಗೆ ತೋರಸ್ಬೇಕ್ರಿ?” ಎಂದಳು. “ನಮ್ಮ ಅಣ್ಣಗ್ರಿ. ಕಿವ್ಯಾಗ ಮಾತು ಕೇಳಸ್ತಾವ,” ಎಂದೆ.

ಒಳಗೆ ಸಣ್ಣ ವಯಸ್ಸಿನ ಡಾಕ್ಟರಮ್ಮ. ಅಣ್ಣ ಬಾಯಿ ಬಿಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಇಷ್ಟು ದಿನ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನ ಹಾಗೆ ಎಲ್ಲ ಹೇಳಿದ.

“ಆ ಮಾತು ಕೇಳಿದ್ರ ಸಂತೋಷ ಆಗ್ತಿತ್ತೇನ್ರಿ, ಹೆದರಿಕಿ ಆಗ್ತಿತ್ತೇನ್ರಿ?” ಎಂದು ಆಕೆ ಕೇಳಿದರು.

ನಾನು ಸಂತೋಷ ಎಂದುಕೊಂಡಿದ್ದೆ. ಅಣ್ಣ ತಲೆ ತಗ್ಗಿಸಿದ. “ಮದಲ ಸಂತೋಷ ಇತ್ರಿ. ಆಮ್ಯಾಲ ಭಾಳ ಹೆದರಿಕಿ. ಹೇಳಿದಂಗ ಕೇಳಲಿಲ್ಲಂದ್ರ ಸಂಗವ್ವನ್ನ ಒಯ್ತೇನಿ ಅಂತಿತ್ರಿ.”

ವಾರಗಟ್ಟಲೆ ಇದನ್ನು ಒಬ್ಬನೇ ಹೊತ್ತುಕೊಂಡಿದ್ದ. ಬಾಗಿಲಿಗೆ ಅಡ್ಡ ನಿಂತು ಕೂಗಿದ್ದು ನೆನಪಾಯಿತು. ಅವನು ಹೆಂಡತಿಯನ್ನು ಉಳಿಸಿಕೊಳ್ಳಲು ನಿಂತಿದ್ದ.

ಈ ವಯಸ್ಸಿನಲ್ಲಿ ಮೊದಲ ಸಲ ಹೀಗಾದರೆ ಮೆದುಳಿನ ಸ್ಕ್ಯಾನ್ ಕೂಡ ನೋಡಬೇಕು, ಈಗಲೇ ಹೆಸರಿಡುವುದು ಬೇಡ ಎಂದರು. ಪೂಜೆ ಬಿಡಬೇಕಾಗಿಲ್ಲ, ಊಟ ನಿದ್ದೆ ತಪ್ಪಬಾರದು ಎಂದರು. ಗುಳಿಗೆ ಬರೆದರು. ಅಣ್ಣ ಚೀಟಿ ಮುಟ್ಟಲಿಲ್ಲ.

14 ಸೆಪ್ಟೆಂಬರ್, ಭಾನುವಾರ

ಗುಳಿಗೆ ನುಂಗಿಸುವುದು ವೈನಿಯ ಪಾಲಿಗೆ ಬಂದಿದೆ. “ನೀವ ಗುಳಿಗಿ ತಗೊಂಡ್ರ ನಾ ಸೂಜಿ,” ಎಂದು ದಿನಾ ಎದುರಿಗೆ ಕೂರುತ್ತಾರೆ. ಮೊದಲ ವಾರ ಅವನು ಹೂಂಗುಟ್ಟುವಷ್ಟರಲ್ಲಿ ಚಹಾ ಆರಿ ಹೋಗುತ್ತಿತ್ತು. ಈಗ ಸುಮ್ಮನೆ ಕೈ ಚಾಚುತ್ತಾನೆ.

ಸ್ಕ್ಯಾನಿನಲ್ಲಿ ಹೆದರುವಂಥದ್ದೇನೂ ಇಲ್ಲವಂತೆ. ಬಹಳ ಮಲಗುತ್ತಾನೆ. ಎದ್ದರೂ ಮಂಕಾಗಿ ಕೂರುತ್ತಾನೆ, ಕೈ ಸಣ್ಣಗೆ ನಡುಗುತ್ತದೆ. ಹೋದ ಸಲ ಡಾಕ್ಟರಮ್ಮನಿಗೆ ಹೇಳಿದ್ದಕ್ಕೆ ಗುಳಿಗೆಯ ಅಳತೆ ಕಡಿಮೆ ಮಾಡಿದ್ದಾರೆ. ಮಾತು ಇನ್ನೂ ಕೇಳಿಸುತ್ತದಂತೆ, ದೂರದಲ್ಲಿ, ಪಕ್ಕದ ಮನೆಯ ರೇಡಿಯೋದ ಹಾಗೆ.

ನನ್ನ ಜೊತೆ ಮಾತಿಲ್ಲ. ಸಿಟ್ಟಲ್ಲ, ಮೊದಲಿನ ಹಾಗೆ, ಅಷ್ಟೇ. ಸಂಜೆ ಬಸ್ಸಿಳಿದು ಬಂದರೆ ಪಡಸಾಲೆ ಖಾಲಿ. ಒಂದು ದಿನ ಅಲ್ಲಿ ಕೂತು ನೋಡಿದೆ. ಎದ್ದು ಬಂದು ವೈನಿಗೆ ರೊಟ್ಟಿ ಬಡಿದುಕೊಟ್ಟೆ.

12 ಅಕ್ಟೋಬರ್, ಭಾನುವಾರ

ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಹಸಿ ಸೇಂಗಾ ಬಿಡಿಸುತ್ತ ಕೂತಿದ್ದೆ. ಅಣ್ಣ ನಿಧಾನವಾಗಿ ನಡೆದು ಬಂದು ಪಕ್ಕದಲ್ಲಿ ಕೂತ. ಬಿಸಿಲು ಕಾಯಲು ಬಂದಿದ್ದಾನೆ ಎಂದುಕೊಂಡೆ.

“ಎಂಟ ದಿನ ಆತು,” ಅಂದ. “ಏನೂ ಕೇಳಸವಲ್ಲದು.”

“ಛಲೋ ಆತಲ್ಲ.”

“ಛಲೋನ. ಮಂದಿ ಎದ್ದ ಹೋದ ಮನಿ ಆದಂಗ ಆಗೈತಿ.” ಸ್ವಲ್ಪ ತಡೆದು ಕೇಳಿದ. “ನಿನಗ ಒಮ್ಮೆರೆ ಕೇಳಿಸಿತ್ತೇನು ಕಸ್ತೂರಿ?”

“ಇಲ್ಲ ಅಣ್ಣಾ. ಒಂದ ದಿನಾನೂ ಇಲ್ಲ.”

“ಹಂಗಾರ ನನ್ನ ಮಾತ ಯಾಕ ಕೇಳಿದಿ? ಸಂಗವ್ವ ಬಿಡು, ಆಕಿ ಹಂಗ. ನೀ ಶಾಣ್ಯಾಕಿ.”

ಮನೆಯಲ್ಲಿ ಶಾಂತಿ ಇರಲಿ ಎಂದು ಅನ್ನಲು ಹೊರಟೆ. ಕೈಯಲ್ಲಿದ್ದ ಸೇಂಗಾ ಒಡೆದೆ. ಕಾಳು ಜೊಳ್ಳಾಗಿತ್ತು.

“ನೀ ನನ್ನ ಕೂಡ ಮಾತಾಡತಿದ್ದಿ,” ಎಂದೆ. “ಅದಕ್ಕ.”

ಒಳಗಿಂದ ವೈನಿ ಚಹಾಕ್ಕೆ ಕರೆದರು. ನಾನು ಸಿಪ್ಪೆ ಝಾಡಿಸಿ ಏಳಬೇಕೆಂದಿದ್ದೆ. ಅಣ್ಣ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡ. ನಡುಗುವ ಬೆರಳಿನಿಂದ ಒಂದು ಕಾಯಿ ಒಡೆಯಲು ಹೆಣಗಿದ. ಒಡೆಯಿತು.

“ನಿಮ್ಮ ಕಾರ್ಖಾನ್ಯಾಗ ದಿನಾ ಏನೇನ ಮಾಡ್ತಿ ನೀ?” ಅಂದ. “ನಾ ಎಂದೂ ಕೇಳಿಲ್ಲ. ಹೇಳು.”

ಎಲ್ಲಿಂದ ಹೇಳಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ಏಳೂಕಾಲಿಗೆ ಬಸ್ಸು ಬರುವುದರಿಂದ ಶುರು ಮಾಡಿದೆ.